ಫಾಂಟೇನ್ಸ್ ಡಿ.ಸಿ. ಮತ್ತು ಡಬ್ಲಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನ ಪೋಸ್ಟ್-ಪಂಕ್ ಸಂಗೀತದ ಮಾತು ಬಂದಾಗಲೆಲ್ಲ ಸ್ನೇಹಿತರು ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಹೆಚ್ಚಿನದು ಫಾಂಟೇನ್ಸ್ ಡಿ.ಸಿ. ಎಂಬ ಬ್ಯಾಂಡಿನ ಬಗ್ಗೆ: ಅವರು ಹೇಗೆ ಮೇಲೆ ಬಂದರು, ಡಬ್ಲಿನ್ ಅವರ ಹಾಡುಗಳಿಗೆ ಏನು ಕೊಟ್ಟಿತು, ಆ ಊರು ಬಿಟ್ಟ ಮೇಲೆ ಏನಾಯಿತು. ಈಗ ತಲೆ ಎತ್ತುತ್ತಿರುವ ಬ್ಯಾಂಡುಗಳ ವಿಷಯ ಕೊನೆಯಲ್ಲಿದೆ.

ಇವರು ಯಾರು? ಎರಡು ಮಾತಲ್ಲಿ ಹೇಳಿ.

ಐದು ಜನರ ಬ್ಯಾಂಡು. ಹಾಡುವವರು ಗ್ರೀಅನ್ ಚಾಟನ್. ಗಿಟಾರ್ ಕಾರ್ಲೋಸ್ ಓ'ಕಾನೆಲ್ ಮತ್ತು ಕಾನರ್ ಕರ್ಲಿ, ಬೇಸ್ ಕಾನರ್ ಡೀಗನ್, ಡ್ರಮ್ಸ್ ಟಾಮ್ ಕಾಲ್. ಡಬ್ಲಿನ್‌ನ ಬಿಮ್ ಎಂಬ ಸಂಗೀತ ಕಾಲೇಜಿನಲ್ಲಿ ಓದುವಾಗ ಗೆಳೆಯರಾದರು. ಮೊದಲ ಆಲ್ಬಂ 'ಡೋಗ್ರೆಲ್' 2019ರ ಏಪ್ರಿಲ್‌ನಲ್ಲಿ ಬಂತು. ಅದೇ ವರ್ಷ ಬ್ರಿಟನ್, ಐರ್ಲೆಂಡಿನ ವರ್ಷದ ಒಳ್ಳೆಯ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಕೊನೆಯ ಪಟ್ಟಿಗೂ ಹೋಯಿತು. ಆಮೇಲೆ 2020ರಲ್ಲಿ 'ಎ ಹೀರೋಸ್ ಡೆತ್', 2022ರಲ್ಲಿ 'ಸ್ಕಿಂಟಿ ಫಿಯಾ', 2024ರಲ್ಲಿ 'ರೊಮಾನ್ಸ್'.

ಪೋಸ್ಟ್-ಪಂಕ್ ಅಂದರೆ ಏನು? ಪಂಕ್‌ಗೂ ಅದಕ್ಕೂ ಏನು ವ್ಯತ್ಯಾಸ?

1976-77ರಲ್ಲಿ ಪಂಕ್ ಬಂದಾಗ ಗಿಟಾರಿನ ಮೂರು ಕಾರ್ಡ್ (ಸ್ವರಗುಚ್ಛ) ಗೊತ್ತಿದ್ದರೆ ಸಾಕು, ಜೋರಾಗಿ, ವೇಗವಾಗಿ ಬಾರಿಸಿ ಅನ್ನೋದೇ ಮಂತ್ರ. ಒಂದೆರಡು ವರ್ಷದಲ್ಲಿ ಕೆಲವರಿಗೆ ಅದು ಸಾಕಾಯಿತು. ಸಿಟ್ಟು ಹಾಗೇ ಇರಲಿ, ಆದರೆ ಆಕಾರ ಬದಲಾಗಲಿ ಅಂದರು. ಜಾಯ್ ಡಿವಿಷನ್, ದಿ ಫಾಲ್, ಗ್ಯಾಂಗ್ ಆಫ್ ಫೋರ್, ವೈರ್ ಎಲ್ಲ ಹಾಗೆ ಬಂದವರು. ಕೇಳುವಾಗ ಗುರುತು ಹಿಡಿಯೋದು ಕಷ್ಟ ಅಲ್ಲ. ಬೇಸ್ ಹಿಂದೆ ಅಡಗಿಕೊಳ್ಳದೆ ಒರಳುಕಲ್ಲು ತಿರುಗಿದ ಹಾಗೆ ಒಂದೇ ಸಮ ಮುಂದೆ ನಿಂತು ತಿರುಗುತ್ತಿರುತ್ತದೆ. ಗಿಟಾರ್ ರಾಗ ನುಡಿಸುವುದಕ್ಕಿಂತ ಜಾಸ್ತಿ ಕೆರೆಯುತ್ತದೆ. ಹಾಡುಗಾರ ಅರ್ಧ ಹಾಡುತ್ತಾನೆ, ಅರ್ಧ ಮಾತಾಡುತ್ತಾನೆ. 2017ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಐಡಲ್ಸ್, ಶೇಮ್ ಥರದ ಬ್ಯಾಂಡುಗಳ ಜೊತೆ ಇದು ಮತ್ತೆ ಜೋರಾಯಿತು. ಫಾಂಟೇನ್ಸ್ ಮೇಲೆ ಬಂದದ್ದು ಅದೇ ಅಲೆಯಲ್ಲಿ. ಆದರೆ ಅವರ ಹಾಡುಗಳಲ್ಲಿರುವ ಊರು ಬೇರೆ ಯಾರ ಹತ್ತಿರವೂ ಇರಲಿಲ್ಲ.

ಹೆಸರಲ್ಲಿರುವ ಡಿ.ಸಿ. ವಾಷಿಂಗ್ಟನ್ನಿಂದ ಬಂದದ್ದಾ?

ಅಲ್ಲ, ಡಬ್ಲಿನ್ ಸಿಟಿ. ಮೊದಲು ಸುಮ್ನೆ 'ದಿ ಫಾಂಟೇನ್ಸ್' ಅಂತ ಇತ್ತು. 'ದಿ ಗಾಡ್‌ಫಾದರ್' ಸಿನಿಮಾದಲ್ಲಿ ಬರುವ ಹಾಡುಗಾರ ಜಾನಿ ಫಾಂಟೇನ್ ಪಾತ್ರದಿಂದ ತೆಗೆದುಕೊಂಡ ಹೆಸರು. ಲಾಸ್ ಏಂಜಲೀಸ್‌ನಲ್ಲಿ ಅದೇ ಹೆಸರಿನ ಇನ್ನೊಂದು ಬ್ಯಾಂಡು ಇತ್ತು, ಅದಕ್ಕೇ ಊರಿನ ಹೆಸರು ಸೇರಿಸಿದರು.

ಹಾಗಾದರೆ ಐದೂ ಜನ ಡಬ್ಲಿನ್‌ನವರೇ ತಾನೇ?

ಇದೇ ನನಗೆ ಇಷ್ಟವಾದ ಪ್ರಶ್ನೆ, ಯಾಕೆಂದರೆ ಉತ್ತರ 'ಇಲ್ಲ'. ಚಾಟನ್ ಹುಟ್ಟಿದ್ದು ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್‌ನಲ್ಲಿ, ತಾಯಿ ಇಂಗ್ಲಿಷರು. ಬೆಳೆದದ್ದು ಡಬ್ಲಿನ್ ನಗರದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಸ್ಕೆರ್ರೀಸ್ ಎಂಬ ಕಡಲ ದಂಡೆಯ ಮೀನುಗಾರರ ಊರಲ್ಲಿ. ಡೀಗನ್ ಮತ್ತು ಕಾಲ್ ಪಶ್ಚಿಮದ ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ನವರು. ಕರ್ಲಿ ಉತ್ತರ ಐರ್ಲೆಂಡಿನ ಗಡಿಯ ಹತ್ತಿರದ ಮಾನಹನ್ ಕೌಂಟಿಯವರು. ಓ'ಕಾನೆಲ್ ಬೆಳೆದದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಹೆಸರಲ್ಲೇ 'ಡಬ್ಲಿನ್ ನಗರ' ಅಂತ ಬರೆದುಕೊಂಡ ಬ್ಯಾಂಡಿನಲ್ಲಿ ಆ ನಗರದ ನಡುವೆ ಹುಟ್ಟಿ ಬೆಳೆದವರು ಒಬ್ಬರೂ ಇಲ್ಲ!

ಇದನ್ನು ಹಿಡಿದು ಕೆಲವರು ಇವರನ್ನು ನಕಲಿ ಅಂತಾರೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಹುಟ್ಟಿದ ಬೀದಿಯನ್ನು ಯಾರೂ ಕಣ್ಣು ಬಿಟ್ಟು ನೋಡುವುದಿಲ್ಲ. ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಬಂದವನಿಗೆ ಮಾತ್ರ ಟ್ಯಾಕ್ಸಿ ಡ್ರೈವರ್ ಸೇದುವ ಸಿಗರೇಟಿನ ಬ್ರ್ಯಾಂಡು ಕೂಡ ಕಾಣಿಸುತ್ತದೆ. 'ಡೋಗ್ರೆಲ್'ನಲ್ಲಿ ಅಷ್ಟೊಂದು ಬೀದಿ, ಅಷ್ಟೊಂದು ಮಳೆ, ಅಷ್ಟೊಂದು ಮುಖಗಳು ಇರುವುದು ಇದೇ ಕಾರಣಕ್ಕೆ. ಅವರು ಆ ಊರನ್ನು ಆರಿಸಿಕೊಂಡರು, ಕಾಲಲ್ಲಿ ನಡೆದು ತಮ್ಮದು ಮಾಡಿಕೊಂಡರು.

ಇದು ಅಲ್ಲಿ ಹೊಸದೂ ಅಲ್ಲ. ಕವಿ ಪ್ಯಾಟ್ರಿಕ್ ಕ್ಯಾವನಾ ಕೂಡ ಮಾನಹನ್ ಕೌಂಟಿಯ ಇನಿಶ್‌ಕೀನ್ ಹಳ್ಳಿಯ ರೈತರ ಮನೆಯವರು. 1931ರಲ್ಲಿ ಕವಿ ಜಾರ್ಜ್ ರಸೆಲ್‌ರನ್ನು ಕಾಣಲು ಹಳ್ಳಿಯಿಂದ ಡಬ್ಲಿನ್‌ವರೆಗೆ ನಡೆದೇ ಬಂದಿದ್ದರು. 1939ರಲ್ಲಿ ಅಲ್ಲೇ ನೆಲೆಸಿದರು. ಈಗ ಡಬ್ಲಿನ್‌ನ ಗ್ರ್ಯಾಂಡ್ ಕಾಲುವೆಯ ದಂಡೆಯಲ್ಲಿ ಬೆಂಚಿನ ಮೇಲೆ ಅವರ ಕಂಚಿನ ಪ್ರತಿಮೆ ಕೂತಿದೆ.

ಲಿಬರ್ಟೀಸ್ ಅಂತ ಪದೇ ಪದೇ ಕೇಳಿಬರುತ್ತಲ್ಲ, ಅದು ಎಂಥ ಜಾಗ?

ಡಬ್ಲಿನ್‌ನ ಹಳೇ ಕೋಟೆ ಗೋಡೆಯ ಹೊರಗೆ ಬೆಳೆದ ಬಡಾವಣೆ. ಮಧ್ಯಯುಗದಲ್ಲಿ ಇದು ನಗರದ ಅಧಿಕಾರಕ್ಕೆ ಸೇರದೆ ತನ್ನದೇ ನ್ಯಾಯ, ತನ್ನದೇ ತೆರಿಗೆ ಇಟ್ಟುಕೊಂಡಿತ್ತು. ಆಮೇಲೆ ನೇಕಾರರು ಬಂದರು, ಬಿಯರ್ ಮತ್ತು ವಿಸ್ಕಿ ಮಾಡುವವರು ಬಂದರು, ದುಡಿಯುವವರ ಪೇಟೆಯಾಯಿತು. ಸೇಂಟ್ ಜೇಮ್ಸ್ ಗೇಟ್‌ನಲ್ಲಿ ಗಿನ್ನೆಸ್ ಕಾರ್ಖಾನೆ ಶುರುವಾದದ್ದು 1759ರಲ್ಲಿ. ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಆ ಜಾಗ ಗುತ್ತಿಗೆ ಹಿಡಿದರು. ಗಾಳಿ ಬೀಸಿದ ಕಡೆಗೆಲ್ಲ ಹುರಿದ ಬಾರ್ಲಿಯ ವಾಸನೆ ಇವತ್ತಿಗೂ ಬರುತ್ತದೆ. ಥಾಮಸ್ ಬೀದಿಯ ಸೇಂಟ್ ಕ್ಯಾಥರಿನ್ ಚರ್ಚಿನ ಮುಂದೆ 1803ರಲ್ಲಿ ದಂಗೆಯ ನಾಯಕ ರಾಬರ್ಟ್ ಎಮೆಟ್‌ರನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಪಕ್ಕದ ಮೀತ್ ಬೀದಿಯಲ್ಲಿ ಹಣ್ಣು, ತರಕಾರಿ, ಮೀನು ಮಾರುವ ಹೆಂಗಸರು.

ಬಿಮ್ ಕಾಲೇಜು ಇರುವುದು ಈ ಪೇಟೆಯ ನಡುವೆ. ಹಾಗಾಗಿ ಕ್ಲಾಸು ಮುಗಿಸಿ ಹೊರಗೆ ಬಂದರೆ ಹುಡುಗರು ಕಾಲಿಡುತ್ತಿದ್ದದ್ದೇ ಈ ಬೀದಿಗಳಿಗೆ. ಅವರ ಶುರುವಿನ ಸಿಂಗಲ್‌ಗಳಲ್ಲಿ ಒಂದಾದ 'ಲಿಬರ್ಟಿ ಬೆಲ್' ಈ ಬಡಾವಣೆಗೆ ಬರೆದ ಪ್ರೇಮಪತ್ರ ಅಂತಲೇ ಹೇಳಬಹುದು. ಇನ್ನೊಂದು ಹಾಡಿನ ಹೆಸರಾದ 'ದಿ ಲಾಟ್ಸ್' ಅನ್ನೋದು ಲಿಫಿ ನದಿಯ ಉತ್ತರ ದಂಡೆಯ ಹಿಂದೆ ಇರುವ ಒಂದು ಸಣ್ಣ ಓಣಿಯ ಹೆಸರು. ಊರಿನ ಹೊರಗಿನವರಿಗೆ ಅಲ್ಲಿ ಅಂಥ ಓಣಿ ಇದೆ ಅಂತಲೂ ಗೊತ್ತಿರುವುದಿಲ್ಲ.

ಇವರು ಕವಿತೆ ಬರೆಯುತ್ತಿದ್ದರು ಅಂತಾರೆ. ನಿಜವಾ?

ನಿಜ. ಬ್ಯಾಂಡು ಗಟ್ಟಿಯಾಗುವ ಮೊದಲೇ ಪಬ್ಬಿನಲ್ಲಿ ಕೂತು ಒಬ್ಬರಿಗೊಬ್ಬರು ಕವಿತೆ ಓದಿ ಹೇಳುತ್ತಿದ್ದ ಗುಂಪು ಇದು. ಸೇರಿ ಎರಡು ಸಣ್ಣ ಸಂಕಲನ ಹೊರತಂದರು. 'ವ್ರೂಮ್' ಅಮೆರಿಕದ ಬೀಟ್ ಕವಿಗಳ (1950ರ ದಶಕದ ಬಂಡಾಯ ಕವಿಗಳ) ಪ್ರಭಾವದ್ದು, 'ವೈಂಡಿಂಗ್' ಐರ್ಲೆಂಡಿನ ಕವಿಗಳಾದ ಯೇಟ್ಸ್, ಕ್ಯಾವನಾ, ಕಾದಂಬರಿಕಾರ ಜೇಮ್ಸ್ ಜಾಯ್ಸ್ ಕಡೆಯದು.

ಈ ಎರಡನೇ ತಿರುವು ಮುಖ್ಯ ಅಂತ ನನಗನ್ನಿಸುತ್ತದೆ. ರಾಕ್ ಸಂಗೀತ ಮಾಡುವ ಹುಡುಗರು ಅಮೆರಿಕದ ಹೆದ್ದಾರಿಯ ಕನಸು ಕಾಣುವುದು ಎಲ್ಲ ಕಡೆ ಮಾಮೂಲು. ಇವರೂ ಅಲ್ಲಿಂದಲೇ ಹೊರಟರು. ಆದರೆ ಕಾಲ ಕೆಳಗಿನ ಕಲ್ಲುಹಾಸಿನಲ್ಲೇ ಬೇಕಾದಷ್ಟು ಇದೆ ಅಂತ ಬೇಗ ಕಂಡುಕೊಂಡರು. ಮೊದಲ ಆಲ್ಬಮ್ಮಿಗೆ ಇಟ್ಟ ಹೆಸರು ಕೂಡ ದೊಡ್ಡ ಕಾವ್ಯದ್ದಲ್ಲ. ಪಬ್ಬಲ್ಲಿ, ಬೀದಿಯಲ್ಲಿ ಸಾಮಾನ್ಯ ಜನ ಕಟ್ಟಿ ಹೇಳುವ ಒರಟು ಪದ್ಯದ ಹೆಸರು. ಎರಡನೇ ಆಲ್ಬಮ್ಮಿನ ಹೆಸರು ಡಬ್ಲಿನ್‌ನ ನಾಟಕಕಾರ ಬ್ರೆಂಡನ್ ಬಿಯನ್ ಬರೆದ 'ದಿ ಹಾಸ್ಟೇಜ್' ನಾಟಕದ ಒಂದು ಸಾಲಿನಿಂದ ಬಂದದ್ದು.

ಇದಕ್ಕೂ ಕನ್ನಡಕ್ಕೂ ಏನಾದರೂ ಸಂಬಂಧ ಇದೆಯಾ?

ಬ್ಯಾಂಡಿಗೆ ನೇರವಾಗಿ ಇಲ್ಲ. ಆದರೆ ಅವರು ನೆಚ್ಚಿಕೊಂಡ ಡಬ್ಲಿನ್ ಕವಿಗಳ ಬಳಗದಿಂದ ನಮಗೊಂದು ದಾರಿ ಇದೆ. ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಡಬ್ಲಿನ್‌ಗೆ ಬಂದ ಕವಿ. ಯೇಟ್ಸ್, ಜಾರ್ಜ್ ರಸೆಲ್ ಇದ್ದ ಸಾಹಿತ್ಯ ಚಳವಳಿಯಲ್ಲೇ ಬೆಳೆದವರು. 1904ರ ಜೂನ್‌ನಲ್ಲಿ ಜಾಯ್ಸ್ ಕೆಲವು ದಿನ ಅವರ ಮನೆಯಲ್ಲಿ ತಂಗಿದ್ದರು. 1915ರಲ್ಲಿ ಕಸಿನ್ಸ್ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ತಮ್ಮನ್ನು ನೋಡಲು ಬಂದ ಒಬ್ಬ ವಿದ್ಯಾರ್ಥಿಗೆ, ನಿನ್ನ ಭಾಷೆಯಲ್ಲೇ ಬರೆ ಅಂತ ಹೇಳಿದರು. ಆ ವಿದ್ಯಾರ್ಥಿ ಕುವೆಂಪು.

ಇಂಗ್ಲಿಷಿನ ನೆರಳಲ್ಲಿ ತನ್ನ ದನಿ ಕಳೆದುಕೊಳ್ಳುವ ಭಯ ಐರ್ಲೆಂಡಿನವರಿಗೆ ಹಳೆಯದು. ಹಾಗಾಗಿ ಆ ಮಾತು ಅವರ ಬಾಯಿಂದ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ನೂರು ವರ್ಷದ ಮೇಲೂ ಚಾಟನ್ ಅದೇ ಭಯದ ಜೊತೆ ಗುದ್ದಾಡುತ್ತಿದ್ದಾರೆ, ಅಷ್ಟೇ.

ಚಾಟನ್ ಹಾಡುವಾಗಿನ ಆ ಐರಿಶ್ ಉಚ್ಚಾರ ಬೇಕಂತಲೇ ಮಾಡೋದಾ?

ಅದು ಅವರು ಮಾತಾಡುವ ರೀತಿ. ರಾಕ್ ಹಾಡುವಾಗ ಅಮೆರಿಕದವರ ಹಾಗೆ ನಾಲಿಗೆ ತಿರುಗಿಸುವುದು ಅಭ್ಯಾಸ ಆಗಿಹೋಗಿದೆ, ಐರ್ಲೆಂಡಿನಲ್ಲೂ ಹಾಗೇ. ಚಾಟನ್ ಅದನ್ನು ಬಿಟ್ಟರು. ಉತ್ತರ ಡಬ್ಲಿನ್ ಕೌಂಟಿಯ ಉಚ್ಚಾರದಲ್ಲೇ, ಸ್ವರಗಳನ್ನು ಅಗಲ ಮಾಡಿ, ಸಾಲಿನ ಕೊನೆಯನ್ನು ಕತ್ತರಿಸಿದ ಹಾಗೆ ಹಾಡಿದರು. ಡಬ್ಲಿನ್‌ನವರೇ ಕೆಲವರು 'ಸ್ವಲ್ಪ ಜಾಸ್ತಿ ಆಯ್ತು' ಅಂದದ್ದಿದೆ. ಇರಬಹುದು. ಆದರೆ ಇವರ ಆಮೇಲೆ ಬಂದ ಐರಿಶ್ ಬ್ಯಾಂಡುಗಳನ್ನು ಕೇಳಿ, ಹೆಚ್ಚಿನವರು ತಮ್ಮ ಊರಿನ ದನಿಯಲ್ಲೇ ಹಾಡುತ್ತಾರೆ. ಇವರೆಲ್ಲರಿಗಿಂತ ಮೊದಲೇ ಈ ದಾರಿ ಮಾಡಿಕೊಟ್ಟ ದೊಡ್ಡವರು ದಿ ಪೋಗ್ಸ್‌ನ ಶೇನ್ ಮೆಕ್‌ಗವನ್. ಶೇನ್ ಹೆಸರನ್ನು ಫಾಂಟೇನ್ಸ್ ಯಾವತ್ತೂ ಗೌರವದಿಂದ ಹೇಳುತ್ತಾರೆ. 'ಡೋಗ್ರೆಲ್'ನ ಕೊನೆಯ ಹಾಡು 'ಡಬ್ಲಿನ್ ಸಿಟಿ ಸ್ಕೈ' ಕೇಳಿದರೆ ಯಾರ ಋಣ ಅಂತ ಗೊತ್ತಾಗುತ್ತದೆ.

ಒಂದೆರಡು ಹಾಡು ಬಿಡಿಸಿ ಹೇಳುತ್ತೀರಾ?

ಮೊದಲು 'ಬಿಗ್'. 'ಡೋಗ್ರೆಲ್' ಆಲ್ಬಮ್ಮಿನ ಮೊದಲ ಹಾಡು, ಎರಡು ನಿಮಿಷವೂ ಇಲ್ಲ. ಡ್ರಮ್ಸ್ ಓಡುತ್ತದೆ, ಗಿಟಾರ್ ಒಂದೇ ಜಾಗದಲ್ಲಿ ಉಜ್ಜುತ್ತದೆ. ಮಳೆಯಲ್ಲಿ ನೆನೆದ ಡಬ್ಲಿನ್ ನನ್ನದು ಅಂತ ಒಬ್ಬ ಹುಡುಗ ಘೋಷಿಸುತ್ತಾನೆ. ಊರನ್ನು ಬಸುರಿಗೆ ಹೋಲಿಸಿ, ಅದರ ಮನಸ್ಸು ಕ್ಯಾಥೊಲಿಕ್ ಅನ್ನುತ್ತಾನೆ. ಬಾಲ್ಯ ಚಿಕ್ಕದಿತ್ತು, ನಾನು ದೊಡ್ಡವನಾಗುತ್ತೇನೆ ಅಂತ ಕೂಗುತ್ತಾನೆ. ಹಾಡಲ್ಲಿ ಇಷ್ಟೇ ಇರೋದು. ವಿಡಿಯೋದಲ್ಲಿ ಬ್ಯಾಂಡಿನವರ ಬದಲು ಒಬ್ಬ ಪುಟ್ಟ ಹುಡುಗ ಮೋರ್ ಬೀದಿಯ ಸಂತೆ ಅಂಗಡಿಗಳ ನಡುವೆ ನಡೆಯುತ್ತಾ ಈ ಸಾಲುಗಳಿಗೆ ಬಾಯಿ ಆಡಿಸುತ್ತಾನೆ. ಆ ಹುಡುಗನ ಮುಖದ ಮೇಲಿನ ಹಟ ನೋಡಿ. ದೊಡ್ಡವರ ಬಾಯಲ್ಲಿ ಜಂಬ ಅನ್ನಿಸುವ ಮಾತು ಅವನ ಬಾಯಲ್ಲಿ ಬೇಡಿಕೆ ಆಗುತ್ತದೆ. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಈಸ್ಟರ್ ದಂಗೆಯ ನಾಯಕರು ಕೊನೆಗೆ ಸೇರಿಕೊಂಡು ಶರಣಾಗುವ ನಿರ್ಧಾರ ಮಾಡಿದ್ದೂ ಇದೇ ಮೋರ್ ಬೀದಿಯ ಮನೆಗಳಲ್ಲಿ. ಹಾಡು ಅದನ್ನು ಹೇಳುವುದಿಲ್ಲ, ಆ ಊರಿನವರಿಗೆ ಹೇಳಬೇಕಾಗಿಯೂ ಇಲ್ಲ.

ಇನ್ನೊಂದು 'ಬಾಯ್ಸ್ ಇನ್ ದ ಬೆಟರ್ ಲ್ಯಾಂಡ್'. ಇಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಬರುತ್ತಾನೆ. ಬ್ರಿಟಿಷರನ್ನು ಕಂಡರೆ ಆಗಲ್ಲ, ಸೇದೋದು ಕ್ಯಾರಲ್ಸ್ ಸಿಗರೇಟು ಮಾತ್ರ, ಅದು ಐರ್ಲೆಂಡಿನದೇ ಬ್ರ್ಯಾಂಡು. ಒಂದೂವರೆ ಸಾಲಲ್ಲಿ ಮನುಷ್ಯ ಪೂರ್ತಿ ಎದುರು ನಿಲ್ಲುತ್ತಾನೆ. ಆದರೆ ಹಾಡು ಅವನ ದೇಶಭಕ್ತಿಯ ಮೇಲೆ ನಿಂತಿಲ್ಲ. ಇಲ್ಲಿಗಿಂತ ಒಳ್ಳೆಯ ನಾಡು ಎಲ್ಲೋ ಇದೆ, ಅಲ್ಲಿಗೆ ಹೋಗಿಬಿಡಬೇಕು ಅನ್ನುವ ಆಸೆಯ ಮೇಲೆ ನಿಂತಿದೆ. ತಲೆಮಾರುಗಳಿಂದ ಮಕ್ಕಳನ್ನು ಹಡಗು, ವಿಮಾನ ಹತ್ತಿಸಿ ಕಳಿಸಿದ ದೇಶ ಅದು. ಕುಣಿಯುವ ಹಾಗಿರುವ ಈ ಹಾಡಿನ ಒಳಗೆ ಆ ಸಂಕಟ ಇದೆ.

'ಡೋಗ್ರೆಲ್' ಆಲ್ಬಂ ಕೇಳಿದರೆ ಒಂದೇ ಕೋಣೆಯಲ್ಲಿ ಬಾರಿಸಿದ ಹಾಗಿದೆ. ಹೇಗೆ ಮಾಡಿದರು?

ಹೆಚ್ಚುಕಮ್ಮಿ ಹಾಗೇ. ದಕ್ಷಿಣ ಲಂಡನ್ನಿನಲ್ಲಿ ನಿರ್ಮಾಪಕ ಡ್ಯಾನ್ ಕ್ಯಾರಿ ಅವರ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ನಿಂತು ಬಾರಿಸಿ, ನೇರ ಟೇಪಿಗೆ ಇಳಿಸಿದರು. ಒಂದೊಂದು ವಾದ್ಯ ಬೇರೆ ಬೇರೆ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಿದರೆ ಶುಚಿಯಾಗಿರುತ್ತದೆ, ನಿಜ. ಆದರೆ ಈ ಹಾಡುಗಳಿಗೆ ಶುಚಿ ಬೇಕಾಗಿರಲಿಲ್ಲ. 'ಹರಿಕೇನ್ ಲಾಫ್ಟರ್' ಕೇಳಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತಿದೆ ಅನ್ನಿಸುತ್ತದೆ.

ಇವರಿಗಿಂತ ಮೊದಲು ಐರ್ಲೆಂಡಿನಲ್ಲಿ ಪೋಸ್ಟ್-ಪಂಕ್ ಇರಲಿಲ್ಲವಾ?

ಇತ್ತು, ಚೆನ್ನಾಗಿಯೇ ಇತ್ತು. 1977ರಲ್ಲೇ ಡಬ್ಲಿನ್‌ನ ದಿ ರೇಡಿಯೇಟರ್ಸ್ ಫ್ರಮ್ ಸ್ಪೇಸ್ ಪಂಕ್ ಸಿಂಗಲ್ ಹೊರತಂದಿದ್ದರು. ಯು2 ಇವತ್ತು ದೊಡ್ಡ ಕ್ರೀಡಾಂಗಣಗಳ ಬ್ಯಾಂಡು, ಆದರೆ 1980ರ ಅವರ ಮೊದಲ ಆಲ್ಬಂ ಪೋಸ್ಟ್-ಪಂಕೇ. ಅವರ ಓರಗೆಯ ಗೆಳೆಯರು ವರ್ಜಿನ್ ಪ್ರೂನ್ಸ್ ಇನ್ನೂ ವಿಚಿತ್ರ, ಇನ್ನೂ ಧೈರ್ಯದವರು. ಉತ್ತರದಲ್ಲಿ ಡೆರ್ರಿಯ ದಿ ಅಂಡರ್‌ಟೋನ್ಸ್, ಬೆಲ್‌ಫಾಸ್ಟ್‌ನ ಸ್ಟಿಫ್ ಲಿಟಲ್ ಫಿಂಗರ್ಸ್. ದಕ್ಷಿಣದ ಕಾರ್ಕ್‌ನಲ್ಲಿ ಮೈಕ್ರೋಡಿಸ್ನಿ.

ಆದರೆ ಫಾಂಟೇನ್ಸ್‌ಗೆ ಹತ್ತಿರದ ಅಣ್ಣಂದಿರು ಅಂದರೆ ಗಿಲ್ಲಾ ಬ್ಯಾಂಡ್. 2021ರವರೆಗೆ ಅವರ ಹೆಸರು ಗರ್ಲ್ ಬ್ಯಾಂಡ್ ಅಂತಿತ್ತು. 2015ರಲ್ಲಿ ಬಂದ ಅವರ ಮೊದಲ ಆಲ್ಬಂ 'ಹೋಲ್ಡಿಂಗ್ ಹ್ಯಾಂಡ್ಸ್ ವಿತ್ ಜೇಮಿ'. ಗಿಟಾರ್‌ನಿಂದ ಯಂತ್ರದ ಕಿರುಚಾಟ ತೆಗೆಯುತ್ತಾರೆ, ಹಾಡುಗಾರ ಹಾಡುತ್ತಾ ಹಾಡುತ್ತಾ ನಿಜವಾಗಿಯೂ ಕುಸಿಯುತ್ತಿದ್ದಾನೇನೋ ಅನ್ನಿಸುತ್ತದೆ. ಡಬ್ಲಿನ್‌ನಲ್ಲಿ ಕೂತು ಯಾರನ್ನೂ ಮೆಚ್ಚಿಸಲು ಹೋಗದೆ ಇಂಥದ್ದು ಮಾಡಬಹುದು, ಹೊರಗಿನವರೂ ಕೇಳುತ್ತಾರೆ ಅಂತ ಚಿಕ್ಕವರಿಗೆ ತೋರಿಸಿಕೊಟ್ಟವರು ಇವರು. ಅವರ ಬೇಸ್ ವಾದಕ ಡ್ಯಾನಿಯಲ್ ಫಾಕ್ಸ್ ಈಗ ನಿರ್ಮಾಪಕರಾಗಿ ಹೊಸ ಬ್ಯಾಂಡುಗಳ ಬೆನ್ನಿಗೆ ನಿಂತಿದ್ದಾರೆ.

ಎರಡನೇ ಆಲ್ಬಮ್ಮಿನಲ್ಲಿ ಡಬ್ಲಿನ್ ಯಾಕೆ ಕಾಣಿಸುವುದಿಲ್ಲ?

ಅವರು ಡಬ್ಲಿನ್‌ನಲ್ಲಿ ಇರಲೇ ಇಲ್ಲ ಆಗ. 2019 ಪೂರ್ತಿ ಊರೂರು ತಿರುಗಿದರು, ಬಸ್ಸಲ್ಲೇ ಮಲಗಿದರು, ದಣಿದರು. 'ಎ ಹೀರೋಸ್ ಡೆತ್'ನಲ್ಲಿ ಆ ದಣಿವು, ತಲೆಯೊಳಗೆ ಒಬ್ಬನೇ ಇರುವ ಭಾವ ಜಾಸ್ತಿ. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಿನ ಥರದ ಹಿನ್ನೆಲೆ ದನಿಗಳೂ ಬಂದವು. ಮೊದಲ ಆಲ್ಬಮ್ಮಿನ ಬೀದಿ ಕಥೆಗಳು ಇನ್ನೊಮ್ಮೆ ಬೇಕು ಅಂದವರಿಗೆ ಬೇಜಾರಾಯಿತು. ನನಗೆ ಅದು ಸರಿಯಾದ ನಿರ್ಧಾರ ಅನ್ನಿಸುತ್ತದೆ, ಕಣ್ಣಮುಂದೆ ಇಲ್ಲದ ಬೀದಿಯನ್ನು ಕಂಡ ಹಾಗೆ ಹಾಡಿದ್ದರೆ ಸುಳ್ಳಾಗುತ್ತಿತ್ತು. ಆ ಆಲ್ಬಂ ಗ್ರ್ಯಾಮಿಗೂ ನಾಮನಿರ್ದೇಶನವಾಯಿತು. 2020ರಲ್ಲಿ ಕೊರೊನಾ ಕಾಲದಲ್ಲಿ ಪ್ರೇಕ್ಷಕರಿಲ್ಲದೆ ಡಬ್ಲಿನ್‌ನ ಕಿಲ್‌ಮೇನಮ್ ಜೈಲಿನೊಳಗೆ ಈ ಹಾಡುಗಳನ್ನು ನುಡಿಸಿದರು. 1916ರ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದ ಜಾಗ ಅದು, ಈಗ ಮ್ಯೂಸಿಯಂ. ಆ ರೆಕಾರ್ಡಿಂಗ್ ಹುಡುಕಿ ನೋಡಿ.

ಲಂಡನ್ನಿಗೆ ಹೋದ ಮೇಲೆ ಊರು ಮರೆತರಾ?

ಅಲ್ಲೇ ಇರೋದು ತಮಾಷೆ. ಲಂಡನ್ನಿಗೆ ಹೋದ ಮೇಲೇ ಅತಿ ಹೆಚ್ಚು ಐರಿಶ್ ಆದ ಆಲ್ಬಂ ಬಂತು, 'ಸ್ಕಿಂಟಿ ಫಿಯಾ'. ಆ ಹೆಸರು ಡ್ರಮ್ಮರ್ ಕಾಲ್ ಅವರ ಮನೆತನದ ಒಬ್ಬ ಅಜ್ಜಿ ಸಿಟ್ಟು ಬಂದಾಗ ಹೇಳುತ್ತಿದ್ದ ಐರಿಶ್ ಬೈಗುಳ. ಮುಖಪುಟದಲ್ಲಿ ಕೆಂಪು ಬೆಳಕಿನ ಮನೆಯೊಳಗೆ ದಿಕ್ಕು ತಪ್ಪಿ ನಿಂತ ಜಿಂಕೆ. ಡಬ್ಲಿನ್ ಅನ್ನುವ ನಗರದಿಂದ ಗಮನ ಈಗ ಐರ್ಲೆಂಡ್ ಅನ್ನುವ ದೇಶಕ್ಕೆ, ಪರಊರಿನಲ್ಲಿ ಐರಿಶ್ ಆಗಿ ಬದುಕುವುದಕ್ಕೆ ಸರಿಯಿತು.

ಮೊದಲ ಹಾಡಿನ ಹಿಂದೆ ಒಂದು ನಿಜ ಸಂಗತಿ ಇದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತೀರಿಕೊಂಡ ಐರಿಶ್ ಮೂಲದ ಮಹಿಳೆಯೊಬ್ಬರ ಸಮಾಧಿಯ ಕಲ್ಲಿನ ಮೇಲೆ 'ನಮ್ಮ ಹೃದಯದಲ್ಲಿ ಎಂದೆಂದಿಗೂ' ಅಂತ ಐರಿಶ್ ಭಾಷೆಯಲ್ಲಿ ಬರೆಸಲು ಮಕ್ಕಳು ಕೇಳಿದರು. ಇಂಗ್ಲಿಷ್ ಅನುವಾದ ಇಲ್ಲದಿದ್ದರೆ ಜನ ಅದನ್ನು ರಾಜಕೀಯ ಘೋಷಣೆ ಅಂದುಕೊಳ್ಳಬಹುದು ಅಂತ 2020ರಲ್ಲಿ ಚರ್ಚಿನ ನ್ಯಾಯಾಲಯ ಒಪ್ಪಲಿಲ್ಲ. ಮೇಲ್ಮನವಿ ಹಾಕಿ 2021ರಲ್ಲಿ ಕುಟುಂಬ ಗೆದ್ದಿತು. ಅಮ್ಮನ ಸಮಾಧಿಯ ಮೇಲೆ ಅಮ್ಮನ ಭಾಷೆ ಬರೆಸಲು ಕೋರ್ಟಿಗೆ ಹೋಗಬೇಕು! ಬ್ಯಾಂಡು ಆ ಐರಿಶ್ ಸಾಲನ್ನೇ ಹೆಸರಾಗಿಟ್ಟು ಹಾಡು ಮಾಡಿತು. ಕೆಳದನಿಯ ಸಮೂಹಗಾನ ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಹೋಗುತ್ತದೆ.

'ದಿ ಕಪಲ್ ಅಕ್ರಾಸ್ ದ ವೇ'ನಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಚಾಟನ್ ನುಡಿಸುವ ಅಕಾರ್ಡಿಯನ್, ಅವರ ದನಿ, ಎದುರು ಮನೆಯಲ್ಲಿ ಜಗಳ ಆಡುವ ವಯಸ್ಸಾದ ಗಂಡ-ಹೆಂಡತಿ. ಅಷ್ಟರಲ್ಲೇ ಒಂದು ಬದುಕು ಮುಗಿದುಹೋಗುತ್ತದೆ. ಈ ಆಲ್ಬಂ ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು.

ಚರ್ಚ್, ರಾಜಕೀಯದ ಬಗ್ಗೆ ಹಾಡುತ್ತಾರಾ?

ಹಾಡುತ್ತಾರೆ. 'ಐ ಲವ್ ಯೂ' ಕೇಳಿ. ಹೆಸರು ನೋಡಿ ಪ್ರೇಮಗೀತೆ ಅಂದುಕೊಳ್ಳಬೇಡಿ. ಶುರುವಿನಲ್ಲಿ ಹಾಗೇ ಇರುತ್ತದೆ, ದೇಶಕ್ಕೆ ಹೇಳುವ ಪ್ರೀತಿಯ ಮಾತು. ನಡುವೆ ಚಾಟನ್ ಉಸಿರು ತೆಗೆದುಕೊಳ್ಳದೆ ಒಂದೇ ಸಮ ಬೈಯಲು ಶುರು ಮಾಡುತ್ತಾರೆ. ಆ ಸಿಟ್ಟಿನ ಮೂಲ ಮದುವೆಯಾಗದೆ ತಾಯಂದಿರಾದ ಹೆಣ್ಣುಮಕ್ಕಳನ್ನು ಇಡುತ್ತಿದ್ದ ಆಶ್ರಮಗಳು. ಗಾಲ್ವೇ ಕೌಂಟಿಯ ಟುಅಮ್ ಊರಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಅಂಥ ಒಂದು ಆಶ್ರಮದಲ್ಲಿ 796 ಮಕ್ಕಳು ಸತ್ತ ದಾಖಲೆಯನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರಿನ್ ಕಾರ್ಲೆಸ್ ಒಬ್ಬರೇ ಕೂತು ಕಲೆಹಾಕಿದರು. ಆ ಮಕ್ಕಳಿಗೆ ಸಮಾಧಿಯ ದಾಖಲೆ ಇರಲಿಲ್ಲ. 2014ರಲ್ಲಿ ಇದು ಜಗತ್ತಿಗೆ ಗೊತ್ತಾಯಿತು. ಸರ್ಕಾರಿ ಆಯೋಗದ ವರದಿ 2021ರ ಜನವರಿಯಲ್ಲಿ ಬಂತು. ಹಾಡು ಬಂದದ್ದು ಮರುವರ್ಷ. ನಾನು ಕೇಳಿದ ಈ ಬ್ಯಾಂಡಿನ ಹಾಡುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

'ರೊಮಾನ್ಸ್' ಬೇರೆಯೇ ಥರ ಇದೆ ಅಲ್ವಾ?

ಹೌದು. ನಿರ್ಮಾಪಕರು ಜೇಮ್ಸ್ ಫೋರ್ಡ್, ದನಿ ದೊಡ್ಡದಾಗಿದೆ, ತಂತಿವಾದ್ಯಗಳು ಬಂದಿವೆ, ಬಟ್ಟೆಬರೆಯೂ ಬದಲಾಗಿದೆ. 'ಸ್ಟಾರ್‌ಬರ್ಸ್ಟರ್' ಹಾಡಿನಲ್ಲಿ ಏದುಸಿರು ಎಳೆದುಕೊಳ್ಳುವ ಸದ್ದು ಇದೆಯಲ್ಲ, ಅದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಲ್ಲಿ ಚಾಟನ್‌ಗೆ ದಿಗಿಲು ಹಿಡಿದ ಅನುಭವದಿಂದ ಬಂದದ್ದು. ಪೋಸ್ಟ್-ಪಂಕ್ ಅಂತ ಕರೆಯುವುದು ಇನ್ನು ಕಷ್ಟ. ಒಳ್ಳೆಯ ಆಲ್ಬಂ. ಆದರೂ ನನ್ನ ಮನಸ್ಸು ಮೊದಲ ಮತ್ತು ಮೂರನೆಯದರ ಕಡೆಗೇ.

ಇವತ್ತಿನ ಡಬ್ಲಿನ್‌ನಲ್ಲಿ ಇಂಥ ಬ್ಯಾಂಡು ಮತ್ತೆ ಹುಟ್ಟಬಹುದಾ?

ಹುಟ್ಟುತ್ತಿವೆ, ಆದರೆ ಕಷ್ಟಪಟ್ಟು. ಬಾಡಿಗೆ ಮನೆ ಸಿಗುವುದಿಲ್ಲ, ಸಿಕ್ಕರೆ ಕೊಡಲು ಆಗುವುದಿಲ್ಲ. ದೊಡ್ಡ ವಯಸ್ಸಿನ ಮಕ್ಕಳೂ ಅಪ್ಪ-ಅಮ್ಮನ ಮನೆಯಲ್ಲೇ ಇದ್ದಾರೆ. ಮೇಯೋದಿಂದಲೋ ಮಾನಹನ್‌ನಿಂದಲೋ ಬಂದ ಹುಡುಗರು ಅಗ್ಗದ ರೂಮಲ್ಲಿ ಇದ್ದುಕೊಂಡು, ಸಂಜೆ ಪಬ್ಬಲ್ಲಿ ಕವಿತೆ ಓದಿಕೊಂಡು ಬ್ಯಾಂಡು ಕಟ್ಟುವ ದಾರಿಯೇ ಕಿರಿದಾಗುತ್ತಿದೆ. ಲಿಬರ್ಟೀಸ್‌ನ ಫ್ರಾನ್ಸಿಸ್ ಬೀದಿಯಲ್ಲಿದ್ದ ಟಿವೋಲಿ ಥಿಯೇಟರ್ 2019ರಲ್ಲಿ ಮುಚ್ಚಿ, ಕೆಡವಿ, ಆ ಜಾಗದಲ್ಲಿ ಹೋಟೆಲ್ ಬಂತು. ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್ಬಿನ ಮೇಲೂ ಹೋಟೆಲ್ ಕಟ್ಟಲು ಹೊರಟಿದ್ದರು. ಜನಪದ ಸಂಗೀತ ನುಡಿಸುವವರಿಗೆ ಅದು ಮನೆ ಇದ್ದ ಹಾಗೆ. 2021ರಲ್ಲಿ ಜನ ಶವಪೆಟ್ಟಿಗೆ ಹೊತ್ತು ಬೀದಿಗಿಳಿದರು, ನಗರ ಪಾಲಿಕೆ ಅನುಮತಿ ಕೊಡಲಿಲ್ಲ. ಆ ಪಬ್ಬು ಉಳಿಯಿತು. ಎಲ್ಲವೂ ಹಾಗೆ ಉಳಿಯುವುದಿಲ್ಲ.

ನಾನು ಡಬ್ಲಿನ್‌ನಲ್ಲೇ ಇದ್ದೇನೆ. ಎಲ್ಲಿಗೆ ಹೋಗಲಿ?

ಐಟಿ ಕೆಲಸಕ್ಕೆ, ಆಸ್ಪತ್ರೆ ಕೆಲಸಕ್ಕೆ ಅಲ್ಲಿಗೆ ಹೋದ ಕನ್ನಡದವರು ಈ ಪ್ರಶ್ನೆ ಕೇಳುತ್ತಾರೆ. ಥಾಮಸ್ ಬೀದಿ, ಮೀತ್ ಬೀದಿ, ಫ್ರಾನ್ಸಿಸ್ ಬೀದಿ ಮೂರನ್ನೂ ಒಂದು ಶನಿವಾರ ಬೆಳಗ್ಗೆ ನಡೆದು ಮುಗಿಸಬಹುದು. ಕಿವಿಯಲ್ಲಿ 'ಡೋಗ್ರೆಲ್' ಇರಲಿ, ಸುಮಾರು 40 ನಿಮಿಷದ ಆಲ್ಬಂ. ಆಮೇಲೆ ನದಿ ದಾಟಿ ಮೋರ್ ಬೀದಿ. ಸಂಜೆ ಹೊಸ ಬ್ಯಾಂಡು ನೋಡಬೇಕಿದ್ದರೆ ವೆಕ್ಸ್‌ಫರ್ಡ್ ಬೀದಿಯ ವೀಲನ್ಸ್, ನದಿ ಪಕ್ಕದ ವರ್ಕ್‌ಮನ್ಸ್ ಕ್ಲಬ್. ಕುಡಿಯಲೇಬೇಕು ಅಂತೇನಿಲ್ಲ. ಸಮಯ ಇದ್ದರೆ ರೈಲು ಹತ್ತಿ ಸ್ಕೆರ್ರೀಸ್‌ಗೆ ಹೋಗಿ. 2023ರಲ್ಲಿ ಚಾಟನ್ ಒಬ್ಬರೇ ಮಾಡಿದ 'ಕೇಯಾಸ್ ಫಾರ್ ದ ಫ್ಲೈ' ಆಲ್ಬಮ್ಮಿನ ಬೀಜ ಅಲ್ಲಿನ ಕಡಲತೀರದಲ್ಲಿ ರಾತ್ರಿ ನಡೆಯುವಾಗ ಬಿದ್ದದ್ದು.

ಇಂಗ್ಲಿಷ್ ಹಾಡು, ಅದರಲ್ಲೂ ಈ ಉಚ್ಚಾರ, ಅರ್ಥವೇ ಆಗುವುದಿಲ್ಲ. ಏನು ಮಾಡಲಿ?

ಸಾಹಿತ್ಯ ಎದುರಿಗೆ ಇಟ್ಟುಕೊಂಡು ಒಂದು ಸಲ ಓದಿಕೊಳ್ಳಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಕೇಳಿ. ಮೊದಲು 'ರಾಯ್ಸ್ ಟ್ಯೂನ್', ಅದು ನಿಧಾನ. ಆಮೇಲೆ 'ಬಾಯ್ಸ್ ಇನ್ ದ ಬೆಟರ್ ಲ್ಯಾಂಡ್', 'ಜ್ಯಾಕಿ ಡೌನ್ ದ ಲೈನ್', 'ಐ ಲವ್ ಯೂ'. ಗದ್ದಲ ಇಷ್ಟ ಇದ್ದರೆ 'ಟೂ ರಿಯಲ್' ಜೋರಾಗಿ ಹಾಕಿ.

ಈಗ ಹೊಸದಾಗಿ ಬರುತ್ತಿರುವವರು ಯಾರು?

ದಿ ಮರ್ಡರ್ ಕ್ಯಾಪಿಟಲ್ ಹೊಸಬರೇನಲ್ಲ, ಅದೇ ಕಾಲೇಜಿನ ವಲಯದವರು, 2019ರಲ್ಲೇ ಮೊದಲ ಆಲ್ಬಂ ತಂದರು. ಅವರ ಹಾಡಿನಲ್ಲಿ ಸಾವು, ದುಃಖ ಹೆಚ್ಚು, ಮನಸ್ಸು ಗಟ್ಟಿ ಇದ್ದಾಗ ಕೇಳಿ. ಡಂಡಾಕ್ ಊರಿನ ಜಸ್ಟ್ ಮಸ್ಟರ್ಡ್‌ನಲ್ಲಿ ಕೇಟಿ ಬಾಲ್ ತಣ್ಣಗೆ ಹಾಡುತ್ತಿದ್ದರೆ ಗಿಟಾರ್‌ಗಳು ಲೋಹ ಸೀಳುವ ಸದ್ದು ಮಾಡುತ್ತವೆ, 2022ರ 'ಹಾರ್ಟ್ ಅಂಡರ್' ಕೇಳಿ. ಡಬ್ಲಿನ್‌ನ ಗರಿಯರ್ಸ್ 2024ರಲ್ಲಿ 'ಕಮ್ ಆ್ಯಂಡ್ ಸೀ' ತಂದರು, ಊರಿನ ಪುಂಡ ಹುಡುಗರನ್ನು ಕರೆಯುವ ಮಾತೇ ಅವರ ಹೆಸರು.

ಒಂದೇ ಬ್ಯಾಂಡು ಆರಿಸಿ ಅಂದರೆ ನಾನು ಸ್ಪ್ರಿಂಟ್ಸ್ ಅಂತೀನಿ. 2024ರ ಜನವರಿಯಲ್ಲಿ ಬಂದ ಅವರ 'ಲೆಟರ್ ಟು ಸೆಲ್ಫ್' ಆಲ್ಬಂ ಮಾಡಿಸಿದವರು ಗಿಲ್ಲಾ ಬ್ಯಾಂಡಿನ ಅದೇ ಡ್ಯಾನಿಯಲ್ ಫಾಕ್ಸ್. ಹಾಡುವ ಕಾರ್ಲಾ ಚಬ್ ಆತಂಕ, ಅವಮಾನ, ಹೆಣ್ಣಾಗಿ ಕ್ಯಾಥೊಲಿಕ್ ದೇಶದಲ್ಲಿ ಬೆಳೆದದ್ದು ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಫಾಂಟೇನ್ಸ್ ಹಾಡುಗಳ ಬೀದಿಯಲ್ಲಿ ಗಂಡಸರೇ ಜಾಸ್ತಿ. ಅದೇ ಊರು ಒಬ್ಬ ಹೆಣ್ಣಿಗೆ ಹೇಗೆ ಕಾಣುತ್ತದೆ ಅಂತ ತಿಳಿಯಬೇಕಿದ್ದರೆ ಆ ಆಲ್ಬಮ್ಮಿನ 'ಕ್ಯಾಥೆಡ್ರಲ್' ಹಾಡಿನಿಂದ ಶುರು ಮಾಡಿ.